ಸವಕಲು ನಾಣ್ಯ

ಕನ್ನಡದಲ್ಲಿ 'ಸವಕಲು ನಾಣ್ಯ' ಎಂಬುದು ಹೊಗಳಿಕೆಯ ಮಾತಲ್ಲ. ಬಹುಕಾಲ ಬಳಸಿ ಅರ್ಥದ ಹೊಳಪನ್ನು ಕಳೆದುಕೊಂಡ ಪದಕ್ಕೆ, ಎಲ್ಲರೂ ಹೇಳಿ ಹಳಸಿದ ಉಪಮೆಗೆ ನಾವು ಆ ಹೆಸರನ್ನಿಡುತ್ತೇವೆ. ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವಾಗ, ಮುಖವನ್ನು ಚಂದ್ರನಿಗೆ ಹೋಲಿಸಿದ ಕಡೆಗಳಲ್ಲೆಲ್ಲ ಕೆಂಪು ಶಾಯಿಯಿಂದ 'ಸವಕಲು' ಎಂದು ಬರೆಯುವುದು ನನಗೆ ಬಹಳ ವರ್ಷಗಳ ಅಭ್ಯಾಸ. ಆದರೆ ನಿಜವಾದ ಸವಕಲು ನಾಣ್ಯವೊಂದನ್ನು ಅಂಗೈಯಲ್ಲಿಟ್ಟುಕೊಂಡು ನಾನು ಗಮನಿಸಿ ನೋಡಿದವನಲ್ಲ. ಅದಕ್ಕೆ ಸಂದರ್ಭ ಒದಗಿದ್ದು ಕಳೆದ ವರ್ಷ, ನಮ್ಮ ತಾಯಿ ತೀರಿಕೊಂಡ ಮೇಲೆ.

ಅವರ ಟ್ರಂಕಿನ ತಳದಲ್ಲಿ, ಮಡಿಸಿಟ್ಟ ಸೀರೆಗಳ ಕೆಳಗೆ, ಅರಿಸಿನದ ಬಟ್ಟೆಯ ಸಣ್ಣದೊಂದು ಗಂಟು ದೊರೆಯಿತು. ಬಿಚ್ಚಿ ನೋಡಿದರೆ ಒಂದು ಬೆಳ್ಳಿಯ ರೂಪಾಯಿ. ಮುಮ್ಮುಖದಲ್ಲಿ ಕಿರೀಟ ಧರಿಸಿದ ಹೆಂಗಸೊಬ್ಬಳ ತಲೆಯ ಆಕಾರ ಮಾತ್ರ ಉಳಿದಿತ್ತು. ಕಣ್ಣಿಲ್ಲ, ಕಿವಿಯಿಲ್ಲ, ಕೂದಲಿನ ಎಳೆಗಳಿಲ್ಲ. ಅಂಚಿನಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಹಿಮ್ಮುಖದಲ್ಲಿ ಹೂಬಳ್ಳಿಯ ವೃತ್ತವಿದ್ದುದನ್ನು ಬೆರಳಿನಿಂದ ಸವರಿಯೇ ತಿಳಿಯಬೇಕಾಗಿತ್ತು. ಅದರ ಜಾತಕವನ್ನು ತಿಳಿಯೋಣವೆಂದು, ನಾಣ್ಯಸಂಗ್ರಹದಲ್ಲಿ ನಲವತ್ತು ವರ್ಷ ಕಳೆದಿರುವ ಹಿರಿಯ ಸ್ನೇಹಿತರೊಬ್ಬರ ಮನೆಗೆ ಅದನ್ನು ಕೊಂಡೊಯ್ದೆ. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅವರನ್ನು ನಾವೆಲ್ಲ ರಾಯರೆಂದೇ ಕರೆಯುತ್ತೇವೆ.

ರಾಯರು ಭೂತಗಾಜನ್ನು ಕಣ್ಣಿಗೇರಿಸಿ ನೋಡಿದರು. ತಕ್ಕಡಿಯ ಮೇಲಿಟ್ಟು ತೂಗಿದರು. "ವಿಕ್ಟೋರಿಯಾ ರಾಣಿಯ ರೂಪಾಯಿ. ಅಂಚಿನಲ್ಲಿರುವುದು 'ಕ್ವೀನ್' ಎಂಬ ಪದದ ಅಕ್ಷರಗಳು. 1877ರಿಂದ ಈಚೆಗಾದರೆ 'ಎಂಪ್ರೆಸ್' ಎಂದಿರಬೇಕಾಗಿತ್ತು. ಆದ್ದರಿಂದ ಇದು 1862ರಿಂದ 1876ರ ಒಳಗಿನದು," ಎಂದರು. ಆಮೇಲೆ ಕನ್ನಡಕ ತೆಗೆದು, "ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಸಂಗ್ರಹಕಾರರ ಪಾಲಿಗೆ ಇದು ಸತ್ತ ನಾಣ್ಯ. ಬೆಳ್ಳಿಯ ಬೆಲೆ ಬರುತ್ತದೆ, ಅಷ್ಟೆ," ಎಂದರು.

ನನ್ನ ಮುಖ ಚಿಕ್ಕದಾಗಿರಬೇಕು. ಸಮಾಧಾನಪಡಿಸುವಂತೆ ಅವರು ಒಳಗಿನಿಂದ ಒಂದು ಮರದ ಪೆಟ್ಟಿಗೆಯನ್ನು ತಂದರು. ಮಖಮಲ್ಲಿನ ಗುಳಿಯೊಂದರಲ್ಲಿ ಕೃಷ್ಣದೇವರಾಯನ ವರಹವಿತ್ತು. ತೂಕ ಮೂರೂವರೆ ಗ್ರಾಮಿಗೂ ಸ್ವಲ್ಪ ಕಡಿಮೆ. ಗಾತ್ರದಲ್ಲಿ ಹುಣಸೆಬೀಜಕ್ಕಿಂತ ಹೆಚ್ಚು ದೊಡ್ಡದಲ್ಲ. ಅಷ್ಟು ಕಿರಿದಾದ ಚಿನ್ನದ ಮೇಲೆ ಬಾಲಕೃಷ್ಣ ಕುಳಿತಿದ್ದಾನೆ. ಕೈಯಲ್ಲಿ ಬೆಣ್ಣೆಯ ಮುದ್ದೆ. ಹಿಮ್ಮುಖದಲ್ಲಿ ನಾಗರಿಯ ಮೂರು ಸಾಲುಗಳಲ್ಲಿ ರಾಯನ ಹೆಸರು. ಉದಯಗಿರಿಯ ದಂಡಯಾತ್ರೆಯಿಂದ ತಂದ ಬಾಲಕೃಷ್ಣ ವಿಗ್ರಹವನ್ನು ರಾಯನು 1515ರಲ್ಲಿ ಹಂಪೆಯಲ್ಲಿ ಪ್ರತಿಷ್ಠಿಸಿದ ಸಂಗತಿಗೂ ಈ ಮುದ್ರೆಗೂ ಸಂಬಂಧ ಕಲ್ಪಿಸುವ ವಿದ್ವಾಂಸರುಂಟು. ಐನೂರು ವರ್ಷಗಳು ಕಳೆದಿದ್ದರೂ ಮಗುವಿನ ಮಡಿಸಿದ ಮೊಣಕಾಲಿನ ತಿರುವು ಅಕ್ಕಸಾಲಿಗನು ನಿನ್ನೆ ಬಿಡಿಸಿದಂತಿತ್ತು. ಅದನ್ನು ನೋಡಿದ ಮೇಲೆ ರಾಯರ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವುದು ನನ್ನಿಂದಾಗಲಿಲ್ಲ.

ಅವರ ವಾದ ಸರಳವಾದುದು. ನಾಣ್ಯವೆಂದರೆ ಮೊದಲಿಗೆ ಒಂದು ಶಿಲ್ಪ. ಅಚ್ಚನ್ನು ಕೊರೆದವನ ಕೈಚಳಕ, ಟಂಕಸಾಲೆಯ ಶಿಸ್ತು, ಅರಸನು ತನ್ನನ್ನು ಪ್ರಜೆಗಳಿಗೆ ಹೇಗೆ ಕಾಣಿಸಿಕೊಳ್ಳಬಯಸಿದನೆಂಬುದು, ಇವೆಲ್ಲವನ್ನೂ ತಿಳಿಸಬಲ್ಲದ್ದು ಸವೆಯದ ನಾಣ್ಯವೊಂದೇ. ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರಾಯಿ ಹಣವನ್ನು ನೋಡಿ: ಅರ್ಧ ಗ್ರಾಮೂ ತೂಗದ ಚಿನ್ನದ ಚೂರು. ಅದರ ಮೇಲೊಬ್ಬ ನರಸಿಂಹ. ಸ್ವಲ್ಪ ಸವೆದರೆ ಸಾಕು, ದೇವರು ಹೋಗಿ ಚುಕ್ಕೆಗಳು ಉಳಿಯುತ್ತವೆ. ಅಕ್ಷರ ಅಳಿಸಿದ ತಾಳೆಯೋಲೆಯನ್ನು ಎದೆಗೊತ್ತಿಕೊಂಡು ಇದು ಮಹಾಕಾವ್ಯವೆಂದರೆ ನಂಬುವವರಾರು? "ಪಾಠ ಇಲ್ಲದ ಮೇಲೆ ಪಾಠಾಂತರದ ಮಾತೆಲ್ಲಿ ಬಂತು, ಮೇಷ್ಟ್ರೇ?" ಎಂದು ಅವರು ನನ್ನ ಶಾಸ್ತ್ರದಿಂದಲೇ ನನ್ನನ್ನು ಕಟ್ಟಿಹಾಕಿದರು.

ಈ ಅಭಿರುಚಿ ಇಂದು ಜಗತ್ತಿನಾದ್ಯಂತ ಒಂದು ಅಂಕಗಣಿತವಾಗಿಬಿಟ್ಟಿದೆ. ಅಮೆರಿಕದ ವಿಲಿಯಂ ಷೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳ ಮೇಲೊಂದು ಗ್ರಂಥವನ್ನು ಪ್ರಕಟಿಸಿ, ನಾಣ್ಯದ ಸ್ಥಿತಿಗೆ ಒಂದರಿಂದ ಎಪ್ಪತ್ತರವರೆಗೆ ಅಂಕ ಕೊಡುವ ಕ್ರಮವನ್ನು ಹಾಕಿಕೊಟ್ಟ. ಗುರುತು ಹಿಡಿಯುವಷ್ಟು ಮಾತ್ರ ಉಳಿದ ನಾಣ್ಯಕ್ಕೆ ಒಂದು. ಯಾವ ಕುಂದೂ ಇಲ್ಲದ್ದಕ್ಕೆ ಎಪ್ಪತ್ತು. ಒಂದು ಅಂಕದ ನಾಣ್ಯದ ಬೆಲೆಗಿಂತ ಎಪ್ಪತ್ತು ಅಂಕದ್ದರ ಬೆಲೆ ಎಪ್ಪತ್ತು ಪಟ್ಟೆಂಬುದು ಆತನ ಮೂಲ ಲೆಕ್ಕಾಚಾರ. ಬೆಲೆಯ ಲೆಕ್ಕ ಬೇಗ ಸುಳ್ಳಾಯಿತು; ಅಂಕದ ಕ್ರಮ ಮಾತ್ರ ಉಳಿಯಿತು. 1980ರ ದಶಕದಿಂದೀಚೆಗೆ ನಾಣ್ಯಗಳನ್ನು ಪರೀಕ್ಷಿಸಿ, ಅಂಕ ನಮೂದಿಸಿ, ಪಾರದರ್ಶಕವಾದ ಪ್ಲಾಸ್ಟಿಕ್ ಕೋಶದಲ್ಲಿ ಮುಚ್ಚಿಕೊಡುವ ಸಂಸ್ಥೆಗಳೂ ಹುಟ್ಟಿಕೊಂಡಿವೆ. ಅಲ್ಲಿಂದ ಮುಂದೆ ಆ ನಾಣ್ಯಕ್ಕೆ ಮನುಷ್ಯನ ಬೆರಳು ಸೋಕುವಂತಿಲ್ಲ.

ಈ ಷೆಲ್ಡನ್ನನ ಕಥೆಗೆ ಒಂದು ವಿಷಾದದ ಉತ್ತರಭಾಗವುಂಟು. ಅಮೆರಿಕದ ನಾಣ್ಯಶಾಸ್ತ್ರ ಸಂಘದ ಭಂಡಾರದಲ್ಲಿದ್ದ ಉತ್ತಮ ಸೆಂಟುಗಳನ್ನು ತೆಗೆದುಕೊಂಡು, ಅವುಗಳ ಜಾಗದಲ್ಲಿ ತನ್ನಲ್ಲಿದ್ದ ಕೆಳದರ್ಜೆಯವನ್ನು ಆತ ಇಟ್ಟಿದ್ದನೆಂಬುದು ಆಮೇಲೆ ಹೊರಬಿದ್ದಿತು. 1977ರಲ್ಲಿ ಆತ ತೀರಿಕೊಂಡ ಬಳಿಕ ಆ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸವೆತವನ್ನು ಅಂಕದಲ್ಲಿ ಅಳೆಯಲು ಜಗತ್ತಿಗೆ ಕಲಿಸಿದವನೇ ಸವೆಯದ ನಾಣ್ಯದ ಮೋಹಕ್ಕೆ ಸಿಕ್ಕಿ ತನ್ನ ಹೆಸರಿಗೆ ಮಸಿ ಬಳಿದುಕೊಂಡ. ಇದನ್ನು ಹೇಳಿದವರೂ ರಾಯರೇ. ತಮ್ಮ ಪಕ್ಷಕ್ಕೆ ಕುಂದು ತರುವ ಸಂಗತಿಯನ್ನು ಬಚ್ಚಿಡದಿರುವುದು ಅವರ ದೊಡ್ಡತನ.

ಅಂದು ನಾನು ಉತ್ತರ ಹೇಳದೆ ಹಿಂದಿರುಗಿದೆ. ಆದರೆ ಅವರು ತೂಗಿ ಹೇಳಿದ ಸಂಖ್ಯೆಯೊಂದು ತಲೆಯಲ್ಲಿ ಉಳಿದುಕೊಂಡಿತ್ತು. ವಿಕ್ಟೋರಿಯಾ ರೂಪಾಯಿಯ ನಿಯತವಾದ ತೂಕ 180 ಗ್ರೇನು, ಅಂದರೆ 11.66 ಗ್ರಾಮು. ಅದೇ ಒಂದು ತೊಲ. ಎಂಬತ್ತು ತೊಲಕ್ಕೆ ಒಂದು ಸೇರು. ತಕ್ಕಡಿಯ ಬಟ್ಟಿಲ್ಲದ ಕಡೆಗಳಲ್ಲಿ ರೂಪಾಯಿಯನ್ನೇ ಬಟ್ಟಾಗಿ ಇಟ್ಟು ತೂಗುತ್ತಿದ್ದುದುಂಟು. ನಮ್ಮ ತಾಯಿಯ ರೂಪಾಯಿ ತೂಗಿದ್ದು 11.31 ಗ್ರಾಮು. ನೂರಕ್ಕೆ ಮೂರು ಪಾಲು ಬೆಳ್ಳಿ ಎಲ್ಲಿಯೋ ಹೋಗಿದೆ.

ಎಲ್ಲಿಗೆ ಹೋಯಿತು? ಸಂತೆಯಲ್ಲಿ ಕೈಯಿಂದ ಕೈಗೆ ಬೀಳುವಾಗ, ಸೆರಗಿನ ತುದಿಯ ಗಂಟಿನಲ್ಲಿ ನವೆಯುವಾಗ, ನಾದ ಪರೀಕ್ಷಿಸಲು ಚಿನಿವಾರನು ಕಲ್ಲಿನ ಮೇಲೆ ಚಿಮ್ಮುವಾಗ, ಸಾಹುಕಾರನ ಚೀಲದಲ್ಲಿ ನೂರು ನಾಣ್ಯಗಳು ಒಂದನ್ನೊಂದು ಉಜ್ಜುವಾಗ, ಕಣ್ಣಿಗೆ ಕಾಣದ ಕಣಗಳಾಗಿ ಅದು ಕಳಚಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ ಚಿನ್ನದ ಸವರನ್ನು ಸುಮಾರು ಹದಿನೆಂಟು ವರ್ಷ ಓಡಾಡಿದರೆ ಕಾನೂನಿನ ತೂಕಕ್ಕಿಂತ ಕೆಳಗಿಳಿಯುತ್ತದೆಂದು ಲೆಕ್ಕ ಹಾಕಿದ್ದ. ನಮ್ಮ ದೇಶದಲ್ಲಿಯೂ ರೂಪಾಯಿಯು ನೂರಕ್ಕೆ ಎರಡಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದರೆ ಅದನ್ನು ಸ್ವೀಕರಿಸಲೇಬೇಕೆಂಬ ಕಟ್ಟು ಇರಲಿಲ್ಲ. ಎಂದರೆ ನಮ್ಮ ರೂಪಾಯಿಯನ್ನು ಬೇಡವೆನ್ನಲು ಯಾವ ವರ್ತಕನಿಗಾದರೂ ಅಧಿಕಾರವಿತ್ತು. ಆದರೂ ಅದು ಎರಡರ ಎಲ್ಲೆಯನ್ನು ದಾಟಿ ಮೂರಕ್ಕೆ ಬಂದಿದೆ. ಕಾನೂನು ಕೈಬಿಟ್ಟ ಮೇಲೂ ಜನ ಅದನ್ನು ಕೈಯಿಂದ ಬಿಟ್ಟಿರಲಿಲ್ಲ.

ಸವೆತವೆಂಬುದು ಬರಿಯ ನಷ್ಟವಲ್ಲ, ಅದೊಂದು ಬಗೆಯ ಬರವಣಿಗೆಯೆಂದು ನಮಗೆ ತೋರಿಸಿಕೊಟ್ಟವರು ದಾಮೋದರ ಧರ್ಮಾನಂದ ಕೋಸಂಬಿ. ಗಣಿತದ ಪ್ರಾಧ್ಯಾಪಕರಾಗಿದ್ದ ಅವರು ತಕ್ಷಶಿಲೆಯ ನಿಧಿಗಳಲ್ಲಿ ದೊರೆತ ಪ್ರಾಚೀನ ಬೆಳ್ಳಿಯ ನಾಣ್ಯಗಳನ್ನು ಕುರಿತು 1940ರ ದಶಕದ ಆರಂಭದಲ್ಲಿ ಕೆಲಸಮಾಡಿದರು. ಬೆಳ್ಳಿಯ ತುಂಡುಗಳ ಮೇಲೆ ಬಿಡಿಬಿಡಿಯಾಗಿ ಮುದ್ರೆಗಳನ್ನೊತ್ತಿ ಮಾಡಿದ ಈ ನಾಣ್ಯಗಳ ಮೇಲೆ ಅರಸನ ಹೆಸರಾಗಲಿ ಇಸವಿಯಾಗಲಿ ಇರುವುದಿಲ್ಲ. ಇವುಗಳಲ್ಲಿ ಹಿಂದಿನದು ಯಾವುದು, ಮುಂದಿನದು ಯಾವುದು? ಕೋಸಂಬಿಯವರು ಒಂದೊಂದು ನಾಣ್ಯದ ತೂಕವನ್ನೂ ಸೂಕ್ಷ್ಮವಾಗಿ ಪರಿಶೀಲಿಸಿದರು. ಹಿಮ್ಮುಖದಲ್ಲಿ ಸಣ್ಣ ಸಣ್ಣ ಗುರುತುಗಳು ಹೆಚ್ಚಿದಂತೆಲ್ಲ ಸರಾಸರಿ ತೂಕ ಇಳಿಯುತ್ತ ಹೋಗುವುದು ಅವರಿಗೆ ಕಂಡಿತು. ಆ ಗುರುತುಗಳು ಕಾಲಕಾಲಕ್ಕೆ ನಾಣ್ಯವನ್ನು ಪರೀಕ್ಷಿಸಿದ ವರ್ತಕರು ಒತ್ತಿದುವೆಂದು ಅವರು ಅರ್ಥಮಾಡಿದರು. ಚಲಾವಣೆಯಿಂದ ತೂಕ ಹೇಗೆ ಕುಗ್ಗುತ್ತದೆಂಬುದನ್ನು ತಿಳಿಯಲು ತಮ್ಮ ಕಾಲದ ನಾಣ್ಯಗಳನ್ನೂ ತೂಗಿ ನೋಡಿದರು. ಹೀಗೆ ಸಂಗ್ರಹಕಾರರು ಕುಂದೆಂದು ಬಗೆದ ಸವೆತವು ಅವರ ಕೈಯಲ್ಲಿ ಕಾಲವನ್ನು ಅಳೆಯುವ ಕೋಲಾಯಿತು.

ಮುಂದಿನ ಭಾನುವಾರ ನಾನು ಇದನ್ನು ಗೆಲುವಿನ ಧ್ವನಿಯಲ್ಲಿ ರಾಯರಿಗೆ ಹೇಳಿದೆ. ಅವರು ನಕ್ಕು, ಅದೇ ತಕ್ಷಶಿಲೆಯಿಂದ ನನಗೊಂದು ಉತ್ತರ ಕೊಟ್ಟರು. ಅಲ್ಲಿನ ಭೀರ್ ದಿಬ್ಬದಲ್ಲಿ 1924ರಲ್ಲಿ ಸಿಕ್ಕ ನಿಧಿಯಲ್ಲಿ ಸಾವಿರಕ್ಕೂ ಹೆಚ್ಚು ಇಂಥ ನಾಣ್ಯಗಳಿದ್ದವು. ಅವುಗಳ ಜೊತೆಯಲ್ಲಿ ಅಲೆಗ್ಸಾಂಡರನ ಎರಡು ನಾಣ್ಯಗಳೂ ಅವನ ತರುವಾಯ ಪಟ್ಟಕ್ಕೆ ಬಂದ ಫಿಲಿಪ್ ಅರಿಡಿಯಸನ ಒಂದು ನಾಣ್ಯವೂ ಟಂಕಸಾಲೆಯಿಂದ ಆಗತಾನೆ ಬಂದಂತೆ ಹೊಸದಾಗಿದ್ದವು. ಅರಿಡಿಯಸ್ ಸತ್ತದ್ದು ಕ್ರಿ. ಪೂ. 317ರಲ್ಲಿ. ಹೊಸ ನಾಣ್ಯ ಹೊಸದಾಗಿಯೇ ಮಣ್ಣು ಸೇರಿರುವುದರಿಂದ, ನಿಧಿಯನ್ನು ಹೂಳಿದ ಕಾಲ ಅದರ ಆಸುಪಾಸಿನದೆಂದು ಸಂಶೋಧಕರು ಹೇಳಲು ಸಾಧ್ಯವಾಯಿತು. "ನಿಮ್ಮ ಸವಕಲು ನಾಣ್ಯಗಳಿಗೆ ಇಸವಿ ಹಾಕಿಕೊಟ್ಟದ್ದು ನನ್ನ ಸವೆಯದ ನಾಣ್ಯ!" ಎಂದರು ರಾಯರು. ಒಪ್ಪದೆ ವಿಧಿಯಿರಲಿಲ್ಲ.

ಒಪ್ಪಿದೆ, ಆದರೆ ಮನೆಗೆ ಬರುವ ದಾರಿಯಲ್ಲಿ ಮತ್ತೊಂದು ಯೋಚನೆ ಬಂತು. ಆ ಮೂರು ನಾಣ್ಯಗಳು ಅಷ್ಟು ಹೊಸದಾಗಿ ಏಕೆ ಉಳಿದುವು? ಯಾರೋ ಅವನ್ನು ಹೂಳಿಟ್ಟರು. ಮರಳಿ ತೆಗೆಯಲು ಬರಲಿಲ್ಲ. ಯಾವ ಭಯ ಅವರನ್ನು ಓಡಿಸಿತೋ, ದಾರಿಯಲ್ಲಿ ಏನಾದರೋ ಹೇಳುವವರಿಲ್ಲ. ಹಳೆಯ ಕಾಲದ ನಾಣ್ಯ ಹೊಳಪು ಕೆಡದೆ ನಮ್ಮ ಕೈಸೇರಿದೆಯೆಂದರೆ ಬಹುಮಟ್ಟಿಗೆ ಅದರ ಹಿಂದೆ ಮುರಿದ ಬದುಕೊಂದು ಇರುತ್ತದೆ. ಸವೆದ ನಾಣ್ಯದ ಕಥೆಯಾದರೋ ಬೇರೆ. ಅದನ್ನು ಪಡೆದವನು ಸಂಜೆ ಮನೆಗೆ ಬಂದಿದ್ದಾನೆ. ಮರುದಿನ ಅಕ್ಕಿ ಕೊಂಡಿದ್ದಾನೆ. ಅಕ್ಕಿ ಮಾರಿದವನು ಕೂಲಿ ಕೊಟ್ಟಿದ್ದಾನೆ. ಮನುಷ್ಯರ ನಡುವಣ ನಂಬಿಕೆ ಎಲ್ಲಿಯೂ ಕಡಿಯದೆ ನಡೆದುಬಂದದ್ದಕ್ಕೆ ಆ ಸವೆತವೇ ಸಾಕ್ಷಿ.

ಕನ್ನಡ ಮೇಷ್ಟರಾದ ನನಗೆ ಇದು ಹೊಸ ಪಾಠವಾಗಬಾರದಿತ್ತು. 'ಹಣ' ಎಂಬ ಮಾತನ್ನೇ ನೋಡೋಣ. ಮೊದಲು ಅದು 'ಪಣ'ವಾಗಿತ್ತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪೊನ್ನು ಹೊನ್ನಾಯಿತು. ಶತಮಾನಗಳ ಕಾಲ ಜನರ ತುಟಿಗಳ ನಡುವೆ ಓಡಾಡಿ ಪಕಾರದ ಅಂಚು ನವೆದು ಹಕಾರವಾಯಿತು. ಯಾರೂ ಬಳಸದ ಪದಗಳು ಮಾತ್ರ ನಿಘಂಟಿನ ಮಖಮಲ್ಲಿನಲ್ಲಿ ಎಪ್ಪತ್ತು ಅಂಕದ ಹೊಳಪಿನಿಂದ ಮಲಗಿವೆ. 'ಗದ್ಯಾಣ' ಇಂದಿಗೂ ಶಾಸನದಲ್ಲಿದ್ದಂತೆಯೇ ಇದೆ. ಆದರೆ ಅದನ್ನು ಕೊಟ್ಟು ಏನನ್ನೂ ಕೊಳ್ಳುವಂತಿಲ್ಲ. ನನ್ನ ಕೆಂಪು ಶಾಯಿಗೆ ಇದು ತಿಳಿದಿರಲಿಲ್ಲ.

ಇಷ್ಟೆಲ್ಲ ವಾದವಾದರೂ ಆ ರೂಪಾಯಿ ಅರಿಸಿನದ ಬಟ್ಟೆಯಲ್ಲಿ ಏಕಿತ್ತೆಂಬುದನ್ನು ನಾನು ಯಾರನ್ನೂ ಕೇಳಿರಲಿಲ್ಲ. ಹಬ್ಬಕ್ಕೆ ಬಂದ ಅಕ್ಕನಿಗೆ ಅದನ್ನು ತೋರಿಸಿ ವಿಕ್ಟೋರಿಯಾ, ಕೋಸಂಬಿ ಎಂದು ವಿವರಿಸತೊಡಗಿದಾಗ ಅವಳು ನಡುವೆಯೇ ತಡೆದಳು. "ಅದು ಮುಡಿಪು ಕಣೋ. ನಿನಗೆ ಆರು ವರ್ಷವಾಗಿದ್ದಾಗ ವಿಷಮಶೀತಜ್ವರ ಬಂದಿತ್ತಲ್ಲ, ಆಗ ಅಮ್ಮ ನಂಜುಂಡನಿಗೆ ಹೇಳಿಕೊಂಡು ಕಟ್ಟಿಟ್ಟದ್ದು."

ರೋಗ ವಾಸಿಮಾಡುವ ದೇವರೆಂದು ನಂಜನಗೂಡಿನ ಶ್ರೀಕಂಠೇಶ್ವರನಿಗೆ ನಮ್ಮ ಕಡೆ ಪ್ರಸಿದ್ಧಿ. ಟಿಪ್ಪು ಸುಲ್ತಾನನೇ ಅವನನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವುಂಟು. ರೂಪಾಯಿ ನಮ್ಮ ಅಜ್ಜಿಯದಂತೆ. 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಬಳಿಕ ವಿಕ್ಟೋರಿಯಾ ರೂಪಾಯಿಗಳನ್ನು ಹಿಂದಕ್ಕೆ ಪಡೆಯುವಾಗ ಅಜ್ಜಿ ಇದೊಂದನ್ನು ಕೊಡದೆ ಇಟ್ಟುಕೊಂಡಿದ್ದಳಂತೆ. ಮನೆಯಲ್ಲಿ ಬೆಳ್ಳಿಯೆಂಬುದು ಅದೊಂದೇ ಇದ್ದುದರಿಂದ ಅಮ್ಮ ಅದನ್ನೇ ಮುಡಿಪಾಗಿ ಕಟ್ಟಿದರು.

"ಮತ್ತೆ ಒಪ್ಪಿಸಲಿಲ್ಲವೇಕೆ?" ಎಂದು ಕೇಳಿದೆ.

"ವಾಸಿಯಾದವನು ಜೊತೆಯಲ್ಲಿ ಬರಬೇಕಲ್ಲ. ಮೊದಲು ಅಪ್ಪನ ಕಾಯಿಲೆ. ಆಮೇಲೆ ನಿನ್ನ ಓದು. ಆಮೇಲೆ ನಿನ್ನ ಕೆಲಸ. ನಿನಗೆ ಪುರುಸೊತ್ತಾದಾಗ ಹೋಗೋಣ ಅಂತಿದ್ದರು."

ಅವಳ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ; ಅದರಿಂದಲೇ ಅದು ಹೆಚ್ಚು ನಾಟಿತು. ಮೈಸೂರಿನಿಂದ ನಂಜನಗೂಡಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಮೌಲ್ಯಮಾಪನವೆಂದು, ವಿಚಾರಸಂಕಿರಣವೆಂದು ನಾನು ಮೈಸೂರಿಗೆ ಎಷ್ಟು ಸಲ ಹೋಗಿಬಂದಿದ್ದೇನೆ! "ಒಂದು ಸೋಮವಾರ ನಂಜನಗೂಡಿಗೆ ಹೋಗಿಬರೋಣವೇನಪ್ಪ?" ಎಂದು ಅಮ್ಮ ಕೇಳಿದ್ದು ನೆನಪಾಯಿತು. ಮುದುಕರ ವಾಡಿಕೆಯ ಮಾತೆಂದು ತಿಳಿದು "ನೋಡೋಣಮ್ಮ" ಎಂದಿದ್ದೆ. ಆ ಪ್ರಶ್ನೆಯೂ ಕೇಳಿ ಕೇಳಿ ನನ್ನ ಕಿವಿಗೆ ಸವಕಲಾಗಿತ್ತು. ಅದರ ಹಿಂದೆ ಏನಿದೆಯೆಂದು ನಾನು ತಿರುಗಿಸಿ ನೋಡಿರಲಿಲ್ಲ.

ರಾಯರಿಗೆ ವಿಷಯ ತಿಳಿಸಿದೆ. ಈ ನಾಣ್ಯವನ್ನು ಇಟ್ಟುಕೊಂಡು ಇದರ ಹತ್ತರಷ್ಟು ಹಣವನ್ನು ಹುಂಡಿಗೆ ಹಾಕಬಾರದೇಕೆಂಬ ಆಸೆಯೂ ನನಗಿತ್ತು. ಅದನ್ನೂ ಮುಚ್ಚಿಡದೆ ಹೇಳಿದೆ. ಸಂಗ್ರಹಕಾರರಾದ ಅವರು ಹೌದೆನ್ನುವರೆಂದು ನಂಬಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಇಲ್ಲ ಮೇಷ್ಟ್ರೇ. ಯಾವ ನಾಣ್ಯವನ್ನು ಕಟ್ಟಿದರೋ ಅದನ್ನೇ ಒಪ್ಪಿಸಬೇಕು. ಬದಲಿ ಇಡುವುದು ಸರಿಯಲ್ಲ," ಎಂದರು. ಷೆಲ್ಡನ್ನನ ನೆನಪು ಇಬ್ಬರಿಗೂ ಒಟ್ಟಿಗೆ ಬಂದಿರಬೇಕು, ಇಬ್ಬರೂ ನಕ್ಕೆವು. ಆಮೇಲೆ ಅವರು ತೆಳುವಾದ ಕಾಗದವೊಂದನ್ನು ರೂಪಾಯಿಯ ಮೇಲಿಟ್ಟು, ಸೀಸದ ಕಡ್ಡಿಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಿ, ಎರಡೂ ಮುಖಗಳ ಪಡಿಯಚ್ಚನ್ನು ತೆಗೆದುಕೊಟ್ಟರು.

ಕಾರ್ತಿಕದ ಒಂದು ಸೋಮವಾರ ಅಕ್ಕನೊಡನೆ ನಂಜನಗೂಡಿಗೆ ಹೋದೆ. ಕಪಿಲೆಯಲ್ಲಿ ಮಿಂದು, ಉದ್ದನೆಯ ಸಾಲಿನಲ್ಲಿ ನಿಂತು, ಅರಿಸಿನದ ಗಂಟನ್ನು ಬಿಚ್ಚದೆ ಹಾಗೆಯೇ ಹುಂಡಿಗೆ ಬಿಟ್ಟೆ. ಬಟ್ಟೆಯಲ್ಲಿ ಸುತ್ತಿದ್ದುದರಿಂದ ಬಿದ್ದ ಶಬ್ದವೂ ಕೇಳಲಿಲ್ಲ. ನಲವತ್ತು ವರ್ಷಗಳಷ್ಟು ಕಾಲ ನನಗಾಗಿ ಯಾರ ಕೈಗೂ ಹೋಗದೆ ನಿಂತಿದ್ದ ರೂಪಾಯಿ ಅದು. ಹುಂಡಿಯನ್ನು ಎಣಿಸಿದ ದಿನ ಯಾರದೋ ಬೆರಳುಗಳು ಆ ಗಂಟನ್ನು ಬಿಚ್ಚಿ ಅದನ್ನು ಮತ್ತೆ ಮುಟ್ಟಿರಬೇಕು.

ರಾಯರು ಕೊಟ್ಟ ಕಾಗದ ನನ್ನ ಮೇಜಿನ ಗಾಜಿನಡಿಯಲ್ಲಿದೆ. ಅದರಲ್ಲಿ ಹೆಚ್ಚಿನದೇನೂ ಮೂಡಿಲ್ಲ: ಎರಡು ಬೂದುಬಣ್ಣದ ವೃತ್ತಗಳು, ಅಂಚಿನಲ್ಲಿ ಕೆಲವು ಅಕ್ಷರಗಳು. ಮನೆಗೆ ಬಂದವರು ಇದೇನೆಂದು ಕೇಳಿದರೆ ನಮ್ಮ ತಾಯಿಯ ನಾಣ್ಯವೆಂದು ಹೇಳುತ್ತೇನೆ. ಪ್ರಬಂಧಗಳನ್ನು ಅದರ ಪಕ್ಕದಲ್ಲಿಟ್ಟುಕೊಂಡೇ ತಿದ್ದುತ್ತೇನೆ. ಈಗಲೂ ಚಂದ್ರನಂಥ ಮುಖಗಳು ಬರುತ್ತಲೇ ಇರುತ್ತವೆ. ಆದರೆ 'ಸವಕಲು' ಎಂದು ಬರೆಯುವ ಮುನ್ನ ಆ ಸಾಲನ್ನು ಇನ್ನೊಮ್ಮೆ ಓದುತ್ತೇನೆ.